ರದ್ದಾದ ವಿಮಾನ ಮತ್ತು ‘ಯಾವುದು ಕಡಿಮೆಯೋ ಅದು’

ನಮಸ್ಕಾರ. ಈಗ ನೀವು ನೋಡುತ್ತಿರುವ ದೃಶ್ಯ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಬೆಳಗಿನ ಜಾವ ನಾಲ್ಕು ಗಂಟೆಗೆ ತೆಗೆದದ್ದು. ಚಕ್ಕುಲಿ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿರುವವರು ನಮ್ಮ ಅಮ್ಮ. ಚಿಕ್ಕಮ್ಮನ ಮಗಳ ಮದುವೆಗೆಂದು ಇಬ್ಬರೂ ದೆಹಲಿಗೆ ಹೊರಟಿದ್ದೆವು. ಅದೇ ದಿನ ಸಂಜೆ ಐದಕ್ಕೆ ವರಪೂಜೆ. 6.10ರ ವಿಮಾನ ರದ್ದಾಗಿದೆ ಎಂಬ ಸಂದೇಶ ಹಿಂದಿನ ರಾತ್ರಿ 11.20ಕ್ಕೇ ಮೊಬೈಲಿಗೆ ಬಂದಿತ್ತಾದರೂ, ಬೇಗ ಮಲಗಿದ್ದ ನಾವು ಅದನ್ನು ಕಂಡದ್ದು ತುಮಕೂರು ಬಿಟ್ಟು ನೆಲಮಂಗಲದ ಟೋಲ್ ಹತ್ತಿರ ಬಂದ ಮೇಲೆ.

ಕೌಂಟರಿನ ಮುಂದೆ ಮುಕ್ಕಾಲು ಗಂಟೆ ಸಾಲಿನಲ್ಲಿ ನಿಂತ ನಂತರ ನಮ್ಮ ಸರದಿ ಬಂತು. ಅಲ್ಲಿದ್ದ ಹುಡುಗಿ ವಿನಯದಿಂದಲೇ, “ಸರ್, ಸಂಜೆ 7.40ರ ಫ್ಲೈಟಿಗೆ ಹಾಕಿಕೊಡಲಾ?” ಎಂದು ಕೇಳಿದಳು. ಇಡೀ ವ್ಯವಹಾರ ನಿಂತಿರುವುದು ಈ ಪ್ರಶ್ನೆಗೆ ನಾವು ಕೊಡುವ ಉತ್ತರದ ಮೇಲೆ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ, ಅಂದರೆ ಡಿಜಿಸಿಎಯ ನಿಯಮದಂತೆ, ಹೊರಡುವುದಕ್ಕೆ 24 ಗಂಟೆಗೂ ಕಡಿಮೆ ಅವಧಿ ಇರುವಾಗ ರದ್ದತಿಯನ್ನು ತಿಳಿಸಿದರೆ, ವಿಮಾನ ಸಂಸ್ಥೆಯು ಪ್ರಯಾಣಿಕನಿಗೆ ಒಪ್ಪಿಗೆಯಾಗುವ ಬದಲಿ ವಿಮಾನವನ್ನು ಕೊಡಬೇಕು, ಇಲ್ಲವೇ ಟಿಕೆಟಿನ ಪೂರ್ತಿ ಹಣವನ್ನು ಹಿಂತಿರುಗಿಸಿ ಅದರ ಜೊತೆಗೆ ಪರಿಹಾರವನ್ನೂ ಕೊಡಬೇಕು. ಈ ‘ಇಲ್ಲವೇ’ಯನ್ನು ಗಮನಿಸಿ. “ಆಗಲಿ, ಹಾಕಿಕೊಡಿ” ಎಂದು ಬದಲಿ ವಿಮಾನಕ್ಕೆ ಒಪ್ಪಿಕೊಂಡವರು ಪರಿಹಾರದ ದಾರಿಯನ್ನು ತಾವೇ ಮುಚ್ಚಿಕೊಂಡಂತೆ. ನಮ್ಮ ಹಿಂದೆ ಮುಂದೆ ನಿಂತಿದ್ದವರಲ್ಲಿ ಬಹುತೇಕರು ಹಾಗೆಯೇ ಮಾಡಿದರು. ಅವಸರವಿಲ್ಲದವರಿಗೆ ಅದರಿಂದ ನಷ್ಟವೇನೂ ಇಲ್ಲ. ನಮಗೋ ಸಂಜೆಯ ವಿಮಾನದಿಂದ ಉಪಯೋಗವಿರಲಿಲ್ಲ. ಆದ್ದರಿಂದ ಹಣ ವಾಪಸ್ ಕೇಳಿ, ಬೇರೊಂದು ಸಂಸ್ಥೆಯ 8.30ರ ವಿಮಾನಕ್ಕೆ ತಲಾ 11,300 ರೂಪಾಯಿ ತೆತ್ತು ಟಿಕೆಟ್ ಕೊಂಡೆವು. ಹಣವನ್ನು ‘ಮುಂದಿನ ಪ್ರಯಾಣಕ್ಕೆ ಜಮಾ’ ಮಾಡುತ್ತೇವೆ ಎಂದೂ ಹೇಳಿನೋಡಿದರು. ಹಾಗೆ ಜಮಾ ಮಾಡಿಸಿಕೊಳ್ಳುವುದು ಬಿಡುವುದು ಪ್ರಯಾಣಿಕನ ಇಷ್ಟಕ್ಕೆ ಸೇರಿದ್ದೆಂದು ನಿಯಮದಲ್ಲೇ ಇದೆ.

ಇನ್ನು ಪರಿಹಾರದ ಮೊತ್ತ. ಹಾರಾಟದ ಅವಧಿ ಒಂದು ಗಂಟೆಯವರೆಗಿದ್ದರೆ 5,000, ಎರಡು ಗಂಟೆಯವರೆಗಿದ್ದರೆ 7,500, ಅದಕ್ಕೂ ಹೆಚ್ಚಿದ್ದರೆ 10,000 ರೂಪಾಯಿ. ದೆಹಲಿಗೆ ಎರಡೂವರೆ ಗಂಟೆಯ ಮೇಲಾಗುವುದರಿಂದ ಇಬ್ಬರಿಗೂ ಸೇರಿ 20,000 ಬರುತ್ತದೆಂದು ನಾನು ವಿಮಾನದಲ್ಲಿ ಕುಳಿತೇ ಲೆಕ್ಕ ಹಾಕಿದ್ದೆ. ಆದರೆ ಆ ಅಂಕಿಗಳ ಬೆನ್ನಿಗೇ ಇನ್ನೊಂದು ಮಾತಿದೆ: ಈ ಮೊತ್ತ, ಅಥವಾ ಒಂದು ಬದಿಯ ಟಿಕೆಟಿನ ಮೂಲ ದರ ಮತ್ತು ಇಂಧನ ಶುಲ್ಕ, ಇವೆರಡರಲ್ಲಿ ಯಾವುದು ಕಡಿಮೆಯೋ ಅದು. ಪರದೆಯ ಮೇಲಿರುವ ನಮ್ಮ ಟಿಕೆಟನ್ನು ನೋಡಿ. ಒಟ್ಟು ದರ 5,260. ತೆರಿಗೆ, ನಿಲ್ದಾಣದ ಶುಲ್ಕ ಇತ್ಯಾದಿಗಳನ್ನು ಕಳೆದರೆ ಮೂಲ ದರ ಕೇವಲ 4,120. ಇಂಧನ ಶುಲ್ಕವೆಂದು ಬೇರೆ ನಮೂದಿಲ್ಲ. ಹೀಗೆ ಹತ್ತು ಸಾವಿರ ಎಂದು ತೋರುತ್ತಿದ್ದದ್ದು ತಲಾ ನಾಲ್ಕು ಸಾವಿರಕ್ಕೆ ಇಳಿಯಿತು. ಅಗ್ಗದ ಟಿಕೆಟ್ ಕೊಂಡವನಿಗೆ ಅಗ್ಗದ ಪರಿಹಾರ ಎಂಬ ಈ ಏರ್ಪಾಡು ನನಗಂತೂ ಸರಿಯೆನಿಸಿಲ್ಲ; ಮದುವೆಮನೆ ತಪ್ಪಿದರೆ ಆಗುವ ನಷ್ಟವನ್ನು ಟಿಕೆಟಿನ ದರ ಅಳೆಯಲಾರದು.

ಅಷ್ಟನ್ನೂ ಅವರು ಸುಲಭಕ್ಕೆ ಕೊಡಲಿಲ್ಲ. ನನ್ನ ಮೊದಲ ಇ-ಮೇಲಿಗೆ ಬಂದ ಉತ್ತರದಲ್ಲಿ ಹವಾಮಾನ ವೈಪರೀತ್ಯವೇ ಕಾರಣವೆಂದಿತ್ತು. ಹವಾಮಾನ, ಪ್ರವಾಹ, ಗಲಭೆ, ಮುಷ್ಕರ, ಭದ್ರತೆ, ವಾಯು ಸಂಚಾರ ನಿಯಂತ್ರಣ ಮುಂತಾಗಿ ಸಂಸ್ಥೆಯ ಕೈಮೀರಿದ ಕಾರಣಗಳಿದ್ದರೆ ಪರಿಹಾರ ಕೊಡಬೇಕಾಗಿಲ್ಲ ಎಂಬ ವಿನಾಯಿತಿ ಇರುವುದರಿಂದ, ‘ಹವಾಮಾನ’ ಎಂಬ ಒಂದೇ ಪದ ಸಾಕಾಗುತ್ತದೆ. ಅದೃಷ್ಟಕ್ಕೆ ರಾತ್ರಿಯ ಸಂದೇಶವನ್ನು ನಾನು ಅಳಿಸಿರಲಿಲ್ಲ. ಅದರಲ್ಲಿ ‘ಕಾರ್ಯಾಚರಣೆಯ ಕಾರಣಗಳಿಂದ’ ಎಂದಷ್ಟೇ ಇತ್ತು. ಅದೇ ಹೊತ್ತಿಗೆ ದೆಹಲಿಗೆ ಹೊರಟ ಬೇರೆ ಎರಡು ವಿಮಾನಗಳ ಹೆಸರು ಕಾಣುವ ನಿಲ್ದಾಣದ ಫಲಕವೂ ಈ ವ್ಲಾಗಿಗೆಂದು ತೆಗೆದ ದೃಶ್ಯದಲ್ಲಿ ಅಕಸ್ಮಾತ್ತಾಗಿ ಸೇರಿಹೋಗಿತ್ತು. ಎರಡನ್ನೂ ಲಗತ್ತಿಸಿ ಸಂಸ್ಥೆಯಲ್ಲಿ ದೂರುಗಳನ್ನು ನೋಡಿಕೊಳ್ಳುವ ನೋಡಲ್ ಅಧಿಕಾರಿಗೆ ಬರೆದೆ; ಅಲ್ಲಿಂದ ಸದ್ದಿಲ್ಲದಿದ್ದಾಗ ಕೇಂದ್ರ ಸರ್ಕಾರದ ಏರ್‌ಸೇವಾ ಜಾಲತಾಣದಲ್ಲಿ ದೂರು ದಾಖಲಿಸಿದೆ. ಒಟ್ಟು 8,240 ರೂಪಾಯಿ ಖಾತೆಗೆ ಬಂದದ್ದು 41ನೆಯ ದಿನ.

ವಿಮಾನ ರದ್ದಾಗದೆ ತಡವಾದರೆ ನಮ್ಮ ದೇಶದ ನಿಯಮದಲ್ಲಿ ನಗದು ಪರಿಹಾರವೇ ಇಲ್ಲ. ಎರಡು ಗಂಟೆಯೋ ಮೂರು ಗಂಟೆಯೋ ಕಳೆದ ಮೇಲೆ ತಿಂಡಿ, ಆರು ಗಂಟೆ ಮೀರಿದರೆ ಬದಲಿ ವಿಮಾನ ಅಥವಾ ಪೂರ್ತಿ ಹಣ ವಾಪಸ್, ರಾತ್ರಿ ಎಂಟರಿಂದ ಮೂರರ ನಡುವೆ ಹೊರಡಬೇಕಿದ್ದ ವಿಮಾನ ಆರು ಗಂಟೆ ಮೀರಿ ತಡವಾದರೆ ಹೋಟೆಲ್ ಕೊಠಡಿ, ಅಷ್ಟೆ.

ಫ್ರಾಂಕ್‌ಫರ್ಟ್‌ನಲ್ಲಿರುವ ನನ್ನ ಗೆಳೆಯನ ಅನುಭವ ಇದಕ್ಕೆ ತದ್ವಿರುದ್ಧ. ಅಲ್ಲಿಂದ ಬೆಂಗಳೂರಿಗೆ ಬರುವಾಗ ಯಂತ್ರದೋಷದಿಂದ ಐದು ಗಂಟೆ ತಡವಾದದ್ದಕ್ಕೆ ಅವನಿಗೆ 600 ಯೂರೋ ಬಂತು. ಐರೋಪ್ಯ ಒಕ್ಕೂಟದ 2004ರ 261ನೇ ನಿಯಮದಲ್ಲಿ ಮೊತ್ತ ನಿರ್ಧಾರವಾಗುವುದು ದೂರದ ಮೇಲೆ. ಟಿಕೆಟ್ ಎಷ್ಟಕ್ಕೆ ಕೊಂಡಿರಿ ಎಂದು ಯಾರೂ ಕೇಳುವುದಿಲ್ಲ. ಸಾಮಾನ್ಯ ಯಂತ್ರದೋಷವು ಕೈಮೀರಿದ ಕಾರಣವಲ್ಲವೆಂದು ಅಲ್ಲಿನ ನ್ಯಾಯಾಲಯ 2008ರಲ್ಲೇ ಹೇಳಿದೆ. ಒಕ್ಕೂಟದ ದೇಶಗಳಿಂದ ಹೊರಡುವ ಯಾವುದೇ ಸಂಸ್ಥೆಯ ವಿಮಾನಕ್ಕೆ ಈ ನಿಯಮ ಅನ್ವಯಿಸುತ್ತದೆ. ಬೆಂಗಳೂರಿನಿಂದ ಅಲ್ಲಿಗೆ ಹೋಗುವಾಗ ಮಾತ್ರ ಸಂಸ್ಥೆಯೂ ಐರೋಪ್ಯವೇ ಆಗಿರಬೇಕು.

ಇತ್ತ ನಮ್ಮ ಹೊಸ ಟಿಕೆಟುಗಳಿಗೆ ಹೆಚ್ಚುವರಿಯಾಗಿ ತೆತ್ತ 12,080 ರೂಪಾಯಿಯಲ್ಲಿ ಪರಿಹಾರವನ್ನು ಕಳೆದರೂ 3,840 ಬಾಕಿ ಉಳಿಯುತ್ತದೆ. ಅದನ್ನು ಕೇಳಬೇಕಾದದ್ದು ಗ್ರಾಹಕರ ಆಯೋಗದಲ್ಲಿ. 2019ರ ಕಾಯ್ದೆಯಂತೆ ನಾವು ವಾಸವಿರುವ ಜಿಲ್ಲೆಯಲ್ಲೇ, ಅಂದರೆ ತುಮಕೂರಿನಲ್ಲೇ ದೂರು ಕೊಡಬಹುದು. ಇಷ್ಟು ಸಣ್ಣ ವ್ಯವಹಾರಕ್ಕೆ ಶುಲ್ಕವೂ ಇಲ್ಲ. “ಮೂರು ಸಾವಿರಕ್ಕೆ ಕೋರ್ಟು ಕಚೇರಿ ಯಾಕೋ?” ಎನ್ನುವುದು ಅಮ್ಮನ ವಾದ. ಕಾಗದಗಳನ್ನೆಲ್ಲ ಒಂದು ಫೈಲಿಗೆ ಹಾಕಿ ಇಟ್ಟಿದ್ದೇನೆ. ದೂರು ಕೊಡಲು ಎರಡು ವರ್ಷದ ಗಡುವಿದೆ. ಅದು ಮುಗಿಯಲು ಇನ್ನೂ ಹದಿನಾಲ್ಕು ತಿಂಗಳು ಬಾಕಿ.