ಅಜ್ಜಿಯ ಸೋಬಾನೆ ಮತ್ತು ಒಂದು ಕೆಬಿ ಫೈಲು

ನಮಸ್ಕಾರ ಕೇಳುಗರೇ. ಸಕಲೇಶಪುರದ ಕಡೆ ಮಳೆಗಾಲ ಅಂದರೆ ನಿಮಗೆ ಗೊತ್ತಲ್ವಾ, ಬೀರುವಿನೊಳಗಿನ ಬೆಲ್ಟಿಗೂ ಬೂಷ್ಟು ಹಿಡಿಯುತ್ತದೆ. ಹೋದ ಸಲ ಊರಿಗೆ ಹೋದಾಗ ಅಂಥ ಬೀರುವಿನಲ್ಲೇ ಒಂದು ಸಿಡಿ ಸಿಕ್ಕಿತು. ಮೇಲೆ ಸ್ಕೆಚ್ ಪೆನ್ನಿನಲ್ಲಿ ‘ಅಜ್ಜಿ ಸೋಬಾನೆ’ ಅಂತ ಬರೆದಿತ್ತು. ಚಿಕ್ಕಪ್ಪನ ಮದುವೆಯಲ್ಲಿ ಅಜ್ಜಿ ಹಾಡಿದ್ದನ್ನು ಯಾರೋ ಟೇಪ್ ಮಾಡಿದ್ದರು, ಆಮೇಲೆ ಸಿಡಿಗೆ ಬರ್ನ್ ಮಾಡಿಸಿದ್ದರು. ಈಗ ಅಜ್ಜಿಯೂ ಇಲ್ಲ, ಕ್ಯಾಸೆಟ್ಟೂ ಇಲ್ಲ.

ಕಾಪಿ ಮಾಡೋಣ ಅಂದೆ. ಭಾವ “ಇಷ್ಟೇ ತಾನೇ” ಅಂತ ಸಿಡಿಯನ್ನು ಕಂಪ್ಯೂಟರಿಗೆ ಹಾಕಿ, ಕಂಡ ಫೈಲನ್ನೆಲ್ಲ ಪೆನ್ ಡ್ರೈವಿಗೆ ಎಳೆದುಕೊಂಡರು. ಒಂದೂ ಹಾಡಲಿಲ್ಲ. ನೋಡಿದರೆ ಒಂದೊಂದು ಫೈಲೂ ಒಂದೇ ಕೆಬಿ! ವಿಂಡೋಸ್ ತೋರಿಸುವ ಆ ಸಿಡಿಎ ಫೈಲು ಹಾಡೇ ಅಲ್ಲ, ಹಾಡು ಸಿಡಿಯಲ್ಲಿ ಎಲ್ಲಿಂದ ಶುರು ಅಂತ ಹೇಳುವ ಚೀಟಿ, ನಿಜವಾಗಿ ಬರೀ 44 ಬೈಟು. ಲಗ್ನಪತ್ರಿಕೆ ಹಿಡಿದುಕೊಂಡು ಊಟಕ್ಕೆ ಕೂತ ಹಾಗಾಯಿತು.

ಇದಕ್ಕೂ ಮುಂಚೆ ಅತ್ತೆ ಮಗ ಹಾಸನದ ಒಂದು ಅಂಗಡಿಯಲ್ಲಿ ಕಾಪಿ ಮಾಡಿಸಿದ್ದ. ಹಾಡೇನೋ ಬರುತ್ತಿತ್ತು, ಬಳೆ ಸದ್ದು ಮಾತ್ರ ತಗಡು ಅಲ್ಲಾಡಿಸಿದ ಹಾಗೆ. ಅಂಗಡಿಯವರು ನಡುವೆ ಎಂಪಿತ್ರೀ ಮಾಡಿ, ಅದರಿಂದ ಮತ್ತೆ ಸಿಡಿ ಮಾಡಿದ್ದರು. 1982ರಲ್ಲಿ ಸಿಡಿ ಮಾರಾಟಕ್ಕೆ ಬಂದಾಗಿನಿಂದ ಅದರ ಲೆಕ್ಕ ಒಂದೇ: ಸೆಕೆಂಡಿಗೆ 44,100 ಸಲ ದನಿಯ ಅಳತೆ, ನಿಮಿಷಕ್ಕೆ ಸುಮಾರು 10 ಎಂಬಿ. 128 ಕೆಬಿಪಿಎಸ್, ಅಂದರೆ ಸೆಕೆಂಡಿಗೆ 128 ಕಿಲೋಬಿಟ್‌ನ ಎಂಪಿತ್ರೀ ಅದನ್ನು ಸುಮಾರು ಒಂದು ಎಂಬಿಗೆ ಇಳಿಸುತ್ತದೆ, ಕಿವಿಗೆ ಅಷ್ಟಾಗಿ ಗೊತ್ತಾಗದ್ದನ್ನು ಎಸೆದು. ಮತ್ತೆ ಸಿಡಿ ಮಾಡಿದರೆ ಗಾತ್ರ ವಾಪಸ್ ಬರುತ್ತದೆ, ಎಸೆದದ್ದು ಬರುವುದಿಲ್ಲ. ಡಿಕಾಕ್ಷನ್‌ಗೆ ನೀರು ಬೆರೆಸಿ ಲೋಟ ತುಂಬಿಸಿದ ಹಾಗೆ.

ಇನ್ನೊಂದು ತೊಂದರೆ ಇದೆ, ಅದು ಕಣ್ಣಿಗೆ ಬೀಳುವುದೇ ಇಲ್ಲ. ಫೋಟೋ, ಕಾಗದಪತ್ರ ತುಂಬಿದ ಸಿಡಿಯಲ್ಲಿ ತಪ್ಪು ತಿದ್ದುವುದಕ್ಕೆ ಒಂದು ಪದರ ಜಾಸ್ತಿ ಇರುತ್ತದೆ, ಓದಲು ಆಗದಿದ್ದರೆ ಕಂಪ್ಯೂಟರು ಆಗಲ್ಲ ಅಂತ ನೇರವಾಗಿ ಹೇಳುತ್ತದೆ. ಹಾಡಿನ ಸಿಡಿಯಲ್ಲಿ ಆ ಪದರ ಇಲ್ಲ. ಗೀಚಿದ ಜಾಗ ಬಂದರೆ ಡ್ರೈವು ಹಿಂದುಮುಂದಿನ ದನಿ ನೋಡಿ, ಅಂದಾಜಿನ ಮೇಲೆ ಏನೋ ತುಂಬಿ, ಸುಮ್ನೆ ಮುಂದೆ ಹೋಗುತ್ತದೆ. ಕೇಳುವಾಗ ಇದು ಉಪಕಾರವೇ. ಕಾಪಿ ಮಾಡುವಾಗ ಮಾತ್ರ ಆ ಅಂದಾಜೂ ಹಾಡಿನ ಜೊತೆ ಸೇರಿಕೊಳ್ಳುತ್ತದೆ, ಕಾಪಿಯ ಕಾಪಿಗೆ ಇನ್ನಷ್ಟು.

ಅದಕ್ಕೇ ನಾನು ಎಕ್ಸಾಕ್ಟ್ ಆಡಿಯೋ ಕಾಪಿ ಅನ್ನೋ ಸಾಫ್ಟ್‌ವೇರ್ ಹಾಕಿಕೊಂಡೆ, ಮನೆ ಬಳಕೆಗೆ ಪುಕ್ಕಟೆ. ಅದು ಓದಿದ್ದನ್ನೇ ಮತ್ತೆ ಓದಿ ತಾಳೆ ನೋಡುತ್ತದೆ, ತಾಳೆಯಾಗದಿದ್ದರೆ ಮತ್ತೆ ಮತ್ತೆ ಓದುತ್ತದೆ. ಮೂರನೇ ಹಾಡಿನಲ್ಲಿ ಒಂದು ಕಡೆ ಸಿಕ್ಕಿಹಾಕಿಕೊಂಡು ಕೂತೇಬಿಟ್ಟಿತು. ಸಿಡಿ ತೆಗೆದು, ಒದ್ದೆ ಮಾಡಿ ಹಿಂಡಿದ ಹಳೇ ಪಂಚೆಯ ತುಂಡಿನಲ್ಲಿ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿದೆ. ಸುತ್ತ ತಿರುಗಿಸಿ ಒರೆಸಬೇಡಿ, ಗೀರು ಬಿದ್ದರೆ ಹಾಡಿನ ಉದ್ದಕ್ಕೂ ಬೀಳುತ್ತದೆ. ಹೆಸರು ಬರೆಯುವ ಬದಿ ಇನ್ನೂ ನಾಜೂಕು, ಹೊಳೆಯುವ ಲೋಹದ ಪದರ ಅಲ್ಲೇ ತೆಳು ಲೇಪದ ಕೆಳಗಿದೆ, ಬಾಲ್‌ಪೆನ್ ಅಂತೂ ಬೇಡವೇ ಬೇಡ. ಎರಡನೇ ಸಲಕ್ಕೆ ಪೂರ್ತಿ ಓದಿತು.

ಫೈಲನ್ನು ವೇವ್ ಅಥವಾ ಫ್ಲಾಕ್‌ನಲ್ಲಿ ಇಟ್ಟುಕೊಳ್ಳಿ, ಇವೆರಡೂ ದನಿಯಲ್ಲಿ ಏನನ್ನೂ ಎಸೆಯದ ಫೈಲಿನ ಬಗೆಗಳು. ಫ್ಲಾಕ್ ಅಂದರೆ ಹಾಸಿಗೆ ಸುರುಳಿ ಸುತ್ತಿಟ್ಟ ಹಾಗೆ, ಜಾಗ ಕಡಿಮೆ, ಬಿಚ್ಚಿದರೆ ಅದೇ ಹಾಸಿಗೆ. ಬರ್ನ್ ಮಾಡುವಾಗ ಡಿಸ್ಕ್ ಅಟ್ ಒನ್ಸ್, ಅಂದರೆ ಇಡೀ ಸಿಡಿಯನ್ನು ನಡುವೆ ನಿಲ್ಲಿಸದೆ ಒಂದೇ ಸಲಕ್ಕೆ ಬರೆಯುವ ಬಗೆ ಆರಿಸಿ, ಇಲ್ಲದಿದ್ದರೆ ಹಾಡುಗಳ ನಡುವೆ ಎರಡು ಸೆಕೆಂಡಿನ ಮೌನ ಬಂದು ಕೂರುತ್ತದೆ.

ಬರ್ನ್ ಮಾಡಿದ ಸಿಡಿಯಲ್ಲಿ ಹಾಡು ಕೂತಿರುವುದು ಬಣ್ಣದ ಪದರದಲ್ಲಿ, ಅದು ಬಿಸಿಲಿಗೆ ಮಾಸುತ್ತದೆ. ಆದ್ದರಿಂದ ಹಾರ್ಡ್ ಡಿಸ್ಕಿನಲ್ಲೂ ಒಂದು ಪ್ರತಿ ಇಟ್ಟಿದ್ದೇನೆ.

ಹೊಸ ಸಿಡಿಯನ್ನು ಚಿಕ್ಕಪ್ಪನಿಗೆ ಕೊಟ್ಟೆ. ಅವರು ಹಿಂದೆ ಮುಂದೆ ತಿರುಗಿಸಿ ನೋಡಿ, “ಪ್ಲೇಯರ್ ಕೆಟ್ಟು ಎಷ್ಟು ವರ್ಷ ಆಯ್ತು ಮಾರಾಯ, ಫೋನಿಗೆ ಹಾಕಿಕೊಡು” ಅಂದರು. ಅದಕ್ಕೆ ಎಂಪಿತ್ರೀನೇ ಮಾಡಿಕೊಟ್ಟೆ. ತೋಟದಲ್ಲಿ ಓಡಾಡುತ್ತಾ ಕೇಳುವುದಕ್ಕೆ ಅಷ್ಟು ಸಾಕು. ನಮಸ್ಕಾರ.