ಕುರ್ಚಿಗಿ ಹರಿತ ಮಾಡಿಸುವ ಖರ್ಚು ಯಾರದು?

ಎಲ್ಲರಿಗೂ ನಮಸ್ಕಾರ. ಇವತ್ತು ಟ್ರ್ಯಾಕ್ಟರ್ ಬಗ್ಗೆ ಅಲ್ಲ, ಡ್ರೋನ್ ಬಗ್ಗೆನೂ ಅಲ್ಲ. ಕುರ್ಚಿಗಿ, ಅಂದ್ರೆ ಕೂತು ಕಸ ತೆಗೆಯುವ ಚಿಕ್ಕ ಕೈ ಸಲಕರಣೆ, ಕುಡಗೋಲು, ಗುದ್ದಲಿ ಬಗ್ಗೆ ಮಾತಾಡುತ್ತೇನೆ.

ನನ್ನ ಮಾತು ಒಂದೇ, ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಹೊಲಕ್ಕೆ ಕಸ ತೆಗೆಯಲು ಬರುವ ಹೆಣ್ಣುಮಕ್ಕಳ ಕೈಯಲ್ಲಿ ಹರಿತವಾದ ಕುರ್ಚಿಗಿ ಇರುವಂತೆ ನೋಡಿಕೊಳ್ಳುವುದು ನಿಮ್ಮ ಕೆಲಸ. ಅದರ ಖರ್ಚೂ ನಿಮ್ಮದೇ.

ನಮ್ಮ ಕಡೆ ಪದ್ಧತಿ ಹೇಗಿದೆ ಅಂತ ನಿಮಗೇ ಗೊತ್ತು. ನವಲಗುಂದಕ್ಕೆ ಹೋಗಿ, ರೋಣಕ್ಕೆ ಹೋಗಿ, ಸವಣೂರಿಗೆ ಹೋಗಿ. ಮುಂಗಾರಿ ಹೆಸರು, ಶೇಂಗಾ, ಗೋವಿನಜೋಳದಲ್ಲಿ ಕಸ ಎದ್ದಿತು ಅಂದ್ರೆ ಬೆಳಗ್ಗೆ ಬೆಳಗ್ಗೆ ಟಂಟಂ ಗಾಡಿ ತುಂಬ ಹೆಣ್ಣುಮಕ್ಕಳು ಹೊಲಕ್ಕೆ ಹೊರಡುತ್ತಾರೆ. ಬುತ್ತಿ ಅವರದು, ನೀರಿನ ಬಾಟ್ಲಿ ಅವರದು, ಕುರ್ಚಿಗಿನೂ ಅವರದೇ. ಹೊಲದ ಮಾಲಿಕರು ಸಂಜೆ ಕೂಲಿ ಕೊಡುತ್ತಾರೆ, ಲೆಕ್ಕ ಮುಗಿಯಿತು. ಆ ಕುರ್ಚಿಗಿಗೆ ಬಾಯಿ, ಅಂದ್ರೆ ಹರಿತದ ಅಂಚು, ಇದೆಯೋ ಹೋಗಿದೆಯೋ, ಅದನ್ನ ಯಾರೂ ನೋಡುವುದಿಲ್ಲ.

ಅದೇ ಮನೆಯಲ್ಲಿ ಟ್ರ್ಯಾಕ್ಟರ್‌ಗೆ ತಪ್ಪದೆ ಆಯಿಲ್ ಬದಲಾಗುತ್ತದೆ. ಗಂಟೆ ಲೆಕ್ಕ ಹಾಕಿ ಸರ್ವಿಸ್ ಮಾಡಿಸುತ್ತೇವೆ. ಮಾಡಿಸಲೇಬೇಕು, ಅದರಲ್ಲಿ ತಪ್ಪಿಲ್ಲ. ಆದ್ರೆ ಎಂಟು ತಾಸು ಕುಕ್ಕರಗಾಲಲ್ಲಿ ಕೂತು ಸಾಲು ಹಿಡಿಯುವ ಕೈಗೆ ಸಿಗುವ ಸಲಕರಣೆಗೂ ಅಷ್ಟೇ ಕಾಳಜಿ ಬೇಕಲ್ವಾ?

ಮೊಂಡು ಕುರ್ಚಿಗಿ ಏನು ಮಾಡುತ್ತದೆ, ಹತ್ತಿರ ಕೂತು ನೋಡಿ. ಹರಿತ ಇದ್ದರೆ ಅದು ಮಣ್ಣಿನ ಒಳಗೆ ಒಂದು ಬೆರಳಷ್ಟು ಇಳಿದು ಕಸವನ್ನು ಬೇರಿನ ಹತ್ತಿರ ಕತ್ತರಿಸುತ್ತದೆ. ಮೊಂಡಾಗಿದ್ದರೆ ಮೇಲೆಮೇಲೆ ಕೆರೆಯುತ್ತದೆ. ಕಾಂಡ ಹರಿಯುತ್ತದೆ, ಬುಡ ಹಾಗೇ ಉಳಿಯುತ್ತದೆ. ಒಂದು ಮಳೆ ಆದ್ರೆ ಸಾಕು, ಮತ್ತೆ ಚಿಗುರು. ಕರಿಕಿ, ಜೇಕು ಇದ್ದ ಹೊಲದಲ್ಲಂತೂ ಕೇಳಲೇಬೇಡಿ. ಅವುಗಳ ಗೆಡ್ಡೆ, ಬೇರು ಅಗೆದೇ ತೆಗೆಯಬೇಕು, ಮೊಂಡು ತುದಿಯಿಂದ ಆಗುವ ಕೆಲಸ ಅಲ್ಲ ಅದು. ಎರೆ ನೆಲ ಸ್ವಲ್ಪ ಆರಿದರೆ ಎಷ್ಟು ಗಟ್ಟಿ ಅಂತ ನಿಮಗೆ ಹೇಳಬೇಕಾಗಿಲ್ಲ. ಆ ನೆಲದಲ್ಲಿ ಕುರ್ಚಿಗಿ ಮಾಡದ ಕೆಲಸವನ್ನು ಮಣಿಕಟ್ಟು ಮಾಡುತ್ತದೆ. ಸಂಜೆ ಮನೆಗೆ ಹೋಗಿ ರೊಟ್ಟಿ ಬಡಿಯಬೇಕಾದ್ದೂ ಅದೇ ಕೈ.

ಈಗ ಹಳೆಯದೊಂದು ವಿಷಯ ನೆನಪು ಮಾಡುತ್ತೇನೆ. ಊರಲ್ಲಿ ಆಯ ಪದ್ಧತಿ ಇದ್ದಾಗ ಕಂಬಾರರು ವರ್ಷವಿಡೀ ನೇಗಿಲಿನ ಕುಡ, ಕುಡಗೋಲು, ಕೊಡಲಿ ಎಲ್ಲ ಬಡಿದು ಹರಿತ ಮಾಡಿಕೊಡುತ್ತಿದ್ದರು. ರಾಶಿ ಮಾಡುವಾಗ ಹೊಲದವರು ಅವರ ಪಾಲಿನ ಕಾಳು ಅಳೆದು ಕೊಡುತ್ತಿದ್ದರು. ಅಂದ್ರೆ ಹರಿತದ ಖರ್ಚು ಬೆಳೆಯ ಲೆಕ್ಕದಲ್ಲೇ ಹೋಗುತ್ತಿತ್ತು. ಆ ಪದ್ಧತಿ ವಾಪಸ್ ಬರಲಿ ಅಂತ ನಾನು ಹೇಳುತ್ತಿಲ್ಲ. ಜಾತಿ ನೋಡಿ ಕೆಲಸ ಹಂಚುತ್ತಿದ್ದ, ಕಂಬಾರರನ್ನ ಕಾಳಿಗಾಗಿ ಕಾಯಿಸುತ್ತಿದ್ದ ವ್ಯವಸ್ಥೆ ಅದು. ಹೋಗಿದ್ದೇ ಒಳ್ಳೇದು. ಆದ್ರೆ ಅದು ಹೋದ ಮೇಲೆ ಹರಿತದ ಖರ್ಚು ಸದ್ದಿಲ್ಲದೆ ಕೂಲಿಯವರ ಸೆರಗಿನ ಗಂಟಿಗೆ ಬಂದು ಬಿತ್ತು. ಇದು ನನಗೆ ಸರಿ ಕಾಣುವುದಿಲ್ಲ.

ಉದ್ಯೋಗ ಖಾತ್ರಿ ನೋಡಿ. 2021ರಲ್ಲಿ ನಮ್ಮ ರಾಜ್ಯದಲ್ಲಿ ದಿನದ ಕೂಲಿ 289 ರೂಪಾಯಿ ಇತ್ತು. ಅದರ ಮೇಲೆ ಸಲಕರಣೆ ಖರ್ಚು ಅಂತ ಬೇರೆ 10 ರೂಪಾಯಿ. ಒಟ್ಟು 299. ಹತ್ತು ರೂಪಾಯಿ ದೊಡ್ಡದಲ್ಲ. ಆದ್ರೆ ಗುದ್ದಲಿ ಸವೆಯುತ್ತದೆ, ಅದಕ್ಕೆ ದುಡ್ಡು ಬೇಕು ಅನ್ನೋದನ್ನ ಲೆಕ್ಕಕ್ಕೆ ತೆಗೆದುಕೊಂಡರಲ್ಲ, ಅದು ಮುಖ್ಯ. ಸರ್ಕಾರಿ ಕೆಲಸದಲ್ಲಿ ಆಗಿದ್ದು ನಮ್ಮ ಹೊಲದಲ್ಲಿ ಯಾಕೆ ಆಗಬಾರದು?

ಹಂಗಾಮು ಶುರುವಾಗುವ ಮುಂಚೆ ಕಂಬಾರರ ಹತ್ತಿರ ಮಾತಾಡಿ. ನಿಮ್ಮ ಹೊಲಕ್ಕೆ ಬರುವ ಗುಂಪಿನ ಎಲ್ಲ ಕುರ್ಚಿಗಿ, ಕುಡಗೋಲು ಒಟ್ಟಿಗೆ ಕೊಟ್ಟು ಕುಲುಮೆಯಲ್ಲಿ ಕಾಸಿ ಬಡಿಸಿ, ಹದ ಹಾಕಿಸಿ, ಅಂದ್ರೆ ಅಂಚಿನ ಉಕ್ಕು ಗಟ್ಟಿಯಾಗುವಂತೆ ಮಾಡಿಸಿ. ದುಡ್ಡು ನೀವು ಕೊಡಿ. ಹೊಸದು ಮಾಡಿಸುವುದಾದರೆ ಲಾರಿ ಕಮಾನಿನ ಪಟ್ಟಿಯಿಂದ ಮಾಡಿಕೊಡಿ ಅಂತ ಕೇಳಿ. ಅದು ಒಳ್ಳೆ ಉಕ್ಕು, ಹದ ಹಿಡಿಯುತ್ತದೆ, ಬಾಯಿ ಬೇಗ ಹೋಗುವುದಿಲ್ಲ. ಸಂತೆಯಲ್ಲಿ ಅಗ್ಗಕ್ಕೆ ಸಿಗುವ ಮೆತ್ತನೆ ತಗಡಿನ ಮಾಲಿಗೆ ಎಷ್ಟು ಸಾಣೆ ಹಿಡಿದರೂ ಅಷ್ಟೇ, ಮಧ್ಯಾಹ್ನಕ್ಕೆ ಮತ್ತೆ ಮೊಂಡು.

ಹೊಲದಲ್ಲಿ ಒಂದು ಅರ ಇಡಿ. ಹಾರ್ಡ್‌ವೇರ್ ಅಂಗಡಿಯಲ್ಲಿ ಫೈಲ್ ಅಂದ್ರೆ ಕೊಡುತ್ತಾರೆ. ಕುರ್ಚಿಗಿಗೆ ಮೊದಲೇ ಇರುವ ಓರೆಯನ್ನೇ ಅನುಸರಿಸಿ ಒಂದೇ ಮಗ್ಗುಲು ಉಜ್ಜಿ. ಅರ ಮುಂದಕ್ಕೆ ಹೋಗುವಾಗ ಮಾತ್ರ ಒತ್ತಬೇಕು, ಹಿಂದಕ್ಕೆ ಬರುವಾಗ ಎತ್ತಬೇಕು. ಹಿಂದೆ ಮುಂದೆ ಸುಮ್ನೆ ತಿಕ್ಕಿದರೆ ಅರದ ಹಲ್ಲೇ ಹಾಳಾಗುತ್ತದೆ. ಸಾಕಷ್ಟು ಉಜ್ಜಿದ ಮೇಲೆ ಆಚೆ ಮಗ್ಗುಲಲ್ಲಿ ಬೆರಳನ್ನು ಒಳಗಿನಿಂದ ಅಂಚಿನ ಕಡೆಗೆ ಸವರಿ ನೋಡಿ. ತರಿತರಿ ಅಂತ ಏನೋ ತಾಗುತ್ತದೆ. ಅದು ತುದಿವರೆಗೂ ತಾಗಿದರೆ ಈ ಮಗ್ಗುಲು ಮುಗಿಯಿತು. ಆಚೆ ಮಗ್ಗುಲನ್ನು ಮಸೆಗಲ್ಲಿನ ಮೇಲೆ ಚಪ್ಪಟೆ ಇಟ್ಟು ಎರಡು ಸಲ ಎಳೆದರೆ ಆ ತರಿ ಹೋಗುತ್ತದೆ. ಭತ್ತ ಕೊಯ್ಯುವ ಹಲ್ಲಿನ ಕುಡಗೋಲಿಗೆ ಮಾತ್ರ ಹೀಗೆ ಮಾಡಬೇಡಿ. ಹಲ್ಲಿನ ಮಗ್ಗುಲು ಉಜ್ಜಿದರೆ ಹಲ್ಲೇ ಹೋಗಿಬಿಡುತ್ತದೆ.

ಬೇಗ ಆಗಲಿ ಅಂತ ಗ್ರೈಂಡರ್‌ಗೆ ಹಿಡಿಯುವವರು ಈಗ ಜಾಸ್ತಿ. ಹಿಡಿಯಿರಿ, ಆದ್ರೆ ಪಕ್ಕದಲ್ಲಿ ನೀರಿನ ಬಕೆಟ್ ಇರಲಿ. ಎರಡು ಸಲ ತಾಗಿಸಿ, ನೀರಲ್ಲಿ ಅದ್ದಿ, ಮತ್ತೆ ತಾಗಿಸಿ. ಅಂಚು ಮೊದಲು ತೆಳು ಹಳದಿ ಆಗುತ್ತದೆ, ಆಮೇಲೆ ಕಂದು, ಆಮೇಲೆ ನೀಲಿ. ನೀಲಿ ಬಂತು ಅಂದ್ರೆ ಶಾಖ ಸುಮಾರು 300 ಡಿಗ್ರಿ ಮುಟ್ಟಿದೆ, ಕಂಬಾರರು ಹಾಕಿದ ಹದ ಇಳಿದಿದೆ ಅಂತ ಅರ್ಥ. ನೋಡಲು ಚೂರಿ ಹಾಗೆ ಹೊಳೆಯುತ್ತದೆ, ಹೊಲದಲ್ಲಿ ಒಂದು ತಾಸೂ ಬಾಳುವುದಿಲ್ಲ.

ಕಾವಿನ, ಅಂದ್ರೆ ಕಟ್ಟಿಗೆ ಹಿಡಿಕೆಯ ವಿಷಯ ಜನ ಮರೆತೇಬಿಡುತ್ತಾರೆ. ಒಣಗಿ ಸೀಳಿದ ಕಾವು ಅಂಗೈಯಲ್ಲಿ ಬೊಬ್ಬೆ ಎಬ್ಬಿಸುತ್ತದೆ. ನಮ್ಮಲ್ಲಿ ಅಗಸಿ ಬೆಳೆಯುತ್ತದೆ, ಅಗಸಿ ಎಣ್ಣೆ ಸವರಿ. ಕೊಬ್ಬರಿ ಎಣ್ಣೆ ಜಿಡ್ಡಾಗಿಯೇ ಉಳಿಯುತ್ತದೆ. ಅಗಸಿ ಎಣ್ಣೆ ಹಾಗಲ್ಲ, ಕೆಲವು ದಿನದಲ್ಲಿ ಕಟ್ಟಿಗೆಯಲ್ಲೇ ಒಣಗಿ ಗಟ್ಟಿಯಾಗುತ್ತದೆ. ಒರೆಸಿದ ಬಟ್ಟೆಯನ್ನು ಮಾತ್ರ ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಆ ಎಣ್ಣೆ ಒಣಗುವಾಗ ಬಿಸಿಯಾಗುತ್ತದೆ, ಮುದ್ದೆ ಬಟ್ಟೆಗೆ ತಾನಾಗೇ ಬೆಂಕಿ ಹತ್ತಬಹುದು. ಬಿಡಿಸಿ ಗಾಳಿಯಾಡುವ ಕಡೆ ಹರಡಿ ಹಾಕಿ.

"ಅವರ ಕುರ್ಚಿಗಿಗೆ ನಾನ್ಯಾಕೆ ದುಡ್ಡು ಹಾಕಲಿ, ನಾಳೆ ಬೇರೆಯವರ ಹೊಲಕ್ಕೆ ಹೋಗುತ್ತಾರೆ" ಅಂತ ಕೇಳುವವರಿದ್ದಾರೆ. ಹೋಗಲಿ ಬಿಡಿ. ಬೇರೆಯವರು ಹರಿತ ಮಾಡಿಸಿಕೊಟ್ಟ ಕುರ್ಚಿಗಿ ನಿಮ್ಮ ಹೊಲಕ್ಕೂ ಬರುತ್ತದೆ. ಅದೂ ಬೇಡ ಅಂದ್ರೆ ಹತ್ತು ಕುರ್ಚಿಗಿ ನೀವೇ ಮಾಡಿಸಿ ಹೊಲದ ಮನೆಯಲ್ಲಿ ಇಡಿ. ಬೆಳಗ್ಗೆ ಕೊಡಿ, ಸಂಜೆ ಮಣ್ಣು ಒರೆಸಿ ತೆಗೆದಿಡಿ. ಮಧ್ಯಾಹ್ನ ಬುತ್ತಿ ಬಿಚ್ಚುವ ಹೊತ್ತಿಗೆ ನೀವೇ ಅರ ಹಿಡಿದು ಕೂತು ಎಲ್ಲಕ್ಕೂ ಇನ್ನೊಂದು ಸಲ ಬಾಯಿ ಕೊಡಿ. ಅವರು ಉಂಡು ಏಳುವುದರೊಳಗೆ ಮುಗಿಯುವ ಕೆಲಸ ಅದು.