ಬೈಯುವವರು ಬೇರೆ, ಕೊಳ್ಳುವವರು ಬೇರೆ

ಎಲ್ಲರಿಗೂ ನಮಸ್ಕಾರ. ಇವತ್ತು ಬೇರೆ ವಿಷಯ ಇಟ್ಟುಕೊಂಡಿದ್ದೆ. ಆದರೆ ಕಳೆದ ವಿಡಿಯೋ ಕೆಳಗೆ ಒಬ್ಬರು ಬರೆದಿದ್ದು ನೋಡಿ ತಲೆ ಕೆಟ್ಟಿತು. "ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಕಥೆ ಮುಗೀತು. ಎಲ್ಲಿ ನೋಡಿದರೂ ಬೈತಾ ಇದ್ದಾರೆ, ಇನ್ನು ಯಾರು ಕೊಳ್ತಾರೆ?" ಅಂತೆ. ಗೊತ್ತಿಲ್ಲದವರಿಗೆ: ಟೇಬಲ್ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ಡೈಸ್ ಹಾಕಿ ಕಥೆ ಕಟ್ಟುವ ಆಟ ಇದು. ನಿಯಮಗಳೆಲ್ಲ ಪುಸ್ತಕದಲ್ಲಿ.

ಸ್ವಾಮಿ, ಬೈಯುವವರು ಬೇರೆ, ಕೊಳ್ಳುವವರು ಬೇರೆ!

2024 ನೆನಪಿದೆಯಲ್ವಾ? ಈ ಆಟದ ಹೊಸ ನಿಯಮ ಪುಸ್ತಕ ಪ್ಲೇಯರ್ಸ್ ಹ್ಯಾಂಡ್‌ಬುಕ್ ಬರುವ ಮೊದಲೇ ಆನ್‌ಲೈನಲ್ಲಿ ಅದರ ತಿಥಿ ಮಾಡಿ ಮುಗಿಸಿದ್ದರು. ರೇಂಜರ್ ಅನ್ನೋ ಪಾತ್ರ ಹಾಳಾಯಿತು, ಹಳೇ ಪುಸ್ತಕವೇ ಸಾಕು, ಇನ್ನೂ ಏನೇನೋ. ಆಮೇಲೆ? ಈ ಆಟದ ಇತಿಹಾಸದಲ್ಲೇ ಇಷ್ಟು ಬೇಗ ಮಾರಾಟವಾದ ಪುಸ್ತಕ ಇನ್ನೊಂದಿಲ್ಲ ಅಂತ ಅದನ್ನು ಹೊರತರುವ ಕಂಪನಿ ವಿಝರ್ಡ್ಸ್ ಆಫ್ ದ ಕೋಸ್ಟ್ ಹೇಳಿತು. ಕಂಪನಿ ತನ್ನ ಬೆನ್ನು ತಾನೇ ತಟ್ಟಿಕೊಳ್ಳುತ್ತೆ ಅಂತೀರಾ? ತಟ್ಟಿಕೊಳ್ಳಲಿ. ಅದರ ಒಡೆಯ ಹ್ಯಾಸ್ಬ್ರೋ. ಷೇರುದಾರರ ಮುಂದೆ ಬಾಯಿಗೆ ಬಂದದ್ದು ಹೇಳೋಕಾಗಲ್ಲ.

ಒಂದು ಆಟದ ಟೇಬಲ್ ನೋಡಿ. ಐದು ಜನ ಕೂತಿದ್ದಾರೆ. ನಾಲ್ವರ ಮುಂದೆ ಪೆನ್ಸಿಲ್, ಕ್ಯಾರೆಕ್ಟರ್ ಶೀಟ್, ಡೈಸ್. ದಪ್ಪ ಪುಸ್ತಕಗಳೆಲ್ಲ ಐದನೆಯವರ, ಅಂದರೆ ಆಟ ನಡೆಸುವ ಡಿಎಂ (ಡಂಜನ್ ಮಾಸ್ಟರ್) ಹತ್ತಿರ. ಎದುರಾಳಿಯನ್ನು ಹಿಡಿದಿಡುವ ಗ್ರ್ಯಾಪಲ್ ನಿಯಮದ ಮೇಲೆ ವಾದ ಹುಟ್ಟುತ್ತೆ. ಡಿಎಂ ಪುಟ ತಿರುಗಿಸುತ್ತಾರೆ, ಸಿಗುವುದಿಲ್ಲ. "ಡೈಸ್ ಹಾಕು, ಆಮೇಲೆ ನೋಡೋಣ" ಅಂತಾರೆ. ಆಟ ಮುಂದಕ್ಕೆ ಹೋಯಿತು. ಅದೇ ಪ್ರಶ್ನೆಗೆ ಆನ್‌ಲೈನಲ್ಲಿ ಮೂರು ದಿನ ಕುಸ್ತಿ! 2022ರ ಕೊನೆಯಲ್ಲಿ ವಿಝರ್ಡ್ಸ್ ಮುಖ್ಯಸ್ಥೆಯಾಗಿದ್ದ ಸಿಂಥಿಯಾ ವಿಲಿಯಮ್ಸ್ ಹೂಡಿಕೆದಾರರಿಗೆ ಏನು ಹೇಳಿದರು ಗೊತ್ತಾ? ಆಡುವವರಲ್ಲಿ ಡಿಎಂಗಳು ಸುಮಾರು 20% ಮಾತ್ರ, ದುಡ್ಡು ಕೊಡುವವರಲ್ಲಿ ದೊಡ್ಡ ಪಾಲು ಅವರದೇ. ಆ ಡಿಎಂಗೆ ಮುಂದಿನ ವಾರದ ಆಟ ತಯಾರು ಮಾಡೋದೇ ಆಗಿರುತ್ತೆ. ಕುಸ್ತಿಗೆ ಪುರುಸೊತ್ತೆಲ್ಲಿ?

ಈಗ ಯಾರಾದರೂ ನಾಲ್ಕನೇ ಎಡಿಷನ್ ಕಥೆ ತೆಗೀತಾರೆ, ಗೊತ್ತು. 2008ರಲ್ಲಿ ಅದು ಬಂತು, ಅಭಿಮಾನಿಗಳು ಸಿಟ್ಟಾದರು, 2009ರಲ್ಲಿ ಅದೇ ತರಹದ ಇನ್ನೊಂದು ಆಟ ಪಾಥ್‌ಫೈಂಡರ್ ಬಂದು ಗಿರಾಕಿಗಳನ್ನು ಎಳೆದುಕೊಂಡಿತು. ಎಳೆದುಕೊಂಡಿದ್ದು ಬೈಗುಳವಾ? ಕೈಗೆ ಸಿಕ್ಕ ಇನ್ನೊಂದು ಪುಸ್ತಕ!

ಮತ್ತೆ 2023ರ ಜನವರಿಯ ಲೈಸೆನ್ಸ್ ಗಲಾಟೆ. ಆಟದ ನಿಯಮಗಳನ್ನು ಬೇರೆಯವರು ಬಳಸಲು ಕೊಟ್ಟಿದ್ದ ಲೈಸೆನ್ಸನ್ನು ಕಂಪನಿ ಬದಲಿಸಲು ಹೋಗಿತ್ತು, ಜನ ಸಿಟ್ಟಾದರು. ಕಂಪನಿ ಮಣಿಯಿತು, ಮೂಲ ನಿಯಮಗಳನ್ನು ಯಾರು ಬೇಕಾದರೂ ಬಳಸುವ ಹಾಗೆ ಕ್ರಿಯೇಟಿವ್ ಕಾಮನ್ಸ್‌ಗೆ ಕೊಟ್ಟಿತು. ಒಳ್ಳೆಯದೇ ಆಯಿತು, ನನಗೂ ಖುಷಿ. ಆದರೆ ಮರುವರ್ಷವೇ ಪುಸ್ತಕ ಓಡಿತಲ್ಲ! ಇನ್ನೇನು ಹೇಳಬೇಕು ನಿಮಗೆ?

ಹೊಗಳಿಕೆಯೂ ಅಷ್ಟೇ. 2021ರಲ್ಲಿ ಅವತಾರ್ ಕಾರ್ಟೂನ್ ಆಧರಿಸಿದ ಅವತಾರ್ ಲೆಜೆಂಡ್ಸ್ ಆಟ, ಜನರಿಂದ ಮುಂಗಡ ದುಡ್ಡು ಎತ್ತುವ ಕಿಕ್‌ಸ್ಟಾರ್ಟರ್‌ನಲ್ಲಿ 95 ಲಕ್ಷ ಡಾಲರ್ ದಾಟಿತು. ನಿಯಮದ ಚರ್ಚೆ ಓದಿ ದುಡ್ಡು ಹಾಕಿದರಾ? ಆ ಕಾರ್ಟೂನ್ ಮೇಲಿನ ಪ್ರೀತಿಗೆ ಹಾಕಿದರು. ಇತ್ತ ಬಲ್ಲವರೆಲ್ಲ ಕೊಂಡಾಡುವ ಎಷ್ಟೋ ಚಿಕ್ಕ ಆಟಗಳು ಒಂದು ಮುದ್ರಣ ಖಾಲಿಯಾಗಲು ಒದ್ದಾಡುತ್ತವೆ. ನೋಡಿದರೆ ಹೊಟ್ಟೆ ಉರಿಯುತ್ತೆ. ಹೊಗಳಿ ಬರೆದವರೇ ಒಂದೊಂದು ಪ್ರತಿ ಕೊಂಡಿದ್ದರೆ!

"ಆದರೆ ನನ್ನ ಗುಂಪಿನಲ್ಲಿ ಎಲ್ಲರೂ ಬಿಟ್ಟರು" ಅಂತ ಬರೀಬೇಡಿ. ನಿಮ್ಮ ಗುಂಪು ಮಾರುಕಟ್ಟೆ ಅಲ್ಲ. ನನ್ನ ಗುಂಪೂ ಅಲ್ಲ. ಬೈಯುವವರು ಬೇರೆ, ಕೊಳ್ಳುವವರು ಬೇರೆ, ಬೇರೆ, ಬೇರೆ!

ಮುಂದಿನ ವಿಡಿಯೋ, ಮೊದಲ ಸಲ ಡಿಎಂ ಆಗುವವರಿಗೆ. ಸಬ್‌ಸ್ಕ್ರೈಬ್ ಮಾಡಿ. ನಿಮ್ಮ ಟೇಬಲ್ಲಿಗೆ ಕೊನೆಯದಾಗಿ ಪುಸ್ತಕ ಕೊಂಡು ತಂದವರು ಯಾರು, ಯಾವ ಪುಸ್ತಕ, ಕೆಳಗೆ ಬರೆಯಿರಿ. ಒಂದೊಂದನ್ನೂ ಓದುತ್ತೇನೆ.